ಅಕ್ದಸಳ ಎಡಹುಬ್ಬು

ಕಾಶಾನಿನ ನಮ್ಮ ಓಣಿಯಲ್ಲಿ ಕರೀನೆ ಅನ್ನುವ ಮಾತಿಲ್ಲದೆ ಯಾರಿಗೂ ದಿನ ಕಳೆಯುವುದಿಲ್ಲ. ಗಾರೆಯವನು ಬಾಗಿಲಿನ ಆಚೆಗೊಂದು ಈಚೆಗೊಂದು ಗೂಡು ಕೊರೆದರೆ ಕರೀನೆ. ರತ್ನಗಂಬಳಿಯ ನಡುಗೆರೆಯ ಎರಡೂ ಬದಿಗೆ ಹಕ್ಕಿ ಕೂತರೆ ಕರೀನೆ. ಮಗಳಿಗೆ ಒಂಟಿ ಬಳೆ ಮಾಡಿಸಿ ತಂದ ಅಪ್ಪನಿಗೆ ಅಜ್ಜಿಯರು ಬೈಯುವುದೂ "ಇದರ ಕರೀನೆ ಎಲ್ಲಯ್ಯಾ?" ಅಂತಲೇ. ಇಷ್ಟೆಲ್ಲ ಆಡುತ್ತೀರಲ್ಲ, ಹಾಗಂದರೇನು ಸ್ವಲ್ಪ ಬಿಡಿಸಿ ಹೇಳಿ ಅಂದರೆ ಮಾತ್ರ ಎಲ್ಲರೂ ಎರಡು ಅಂಗೈ ಎತ್ತಿ ಗಾಳಿಯಲ್ಲಿ ತೂಗಿ, "ಇದೇ, ಹೀಗೆ" ಅಂದು ಜಾರಿಕೊಳ್ಳುತ್ತಾರೆ. ಬಿಡದೆ ಬೆನ್ನು ಹತ್ತಿದವಳು ಮಹ್‌ಲಗಾ ಒಬ್ಬಳೇ.

ಅವಳ ತಲೆಗೆ ಆ ಹುಳ ಬಿಟ್ಟವಳು ಸೋದರತ್ತೆ ಗೌಹರ್. ಗೌಹರ್ ಮದುಮಗಳಿಗೆ ದಾರ ಹಾಕುವವಳು. ನಮ್ಮಲ್ಲಿ ಮದುವೆ ಗೊತ್ತಾಗುವವರೆಗೆ ಹುಡುಗಿ ಮುಖದ ಒಂದು ಕೂದಲನ್ನೂ ಕೀಳಿಸಿಕೊಳ್ಳುವಂತಿಲ್ಲ. ಮದುವೆಯ ಮುಂಚಿನ ದಿನ ಹೆಂಗಸರೆಲ್ಲ ಸೇರಿ, ದಫ್ ಬಡಿದು ಹಾಡಿ, ಸಕ್ಕರೆ ಬಾದಾಮಿ ಎರಚಿ, ಅವಳ ಹಣೆ ಕೆನ್ನೆ ಹುಬ್ಬಿಗೆ ದಾರ ಹಾಕಿಸುತ್ತಾರೆ. ನೂಲಿನ ಒಂದು ತುದಿ ಹಲ್ಲಿನ ನಡುವೆ, ಮಿಕ್ಕಿದ್ದು ಎರಡು ಕೈಯ ಬೆರಳಲ್ಲಿ. ಕತ್ತರಿಯಂತೆ ತೆರೆದು ಮುಚ್ಚಿದರೆ ಕೂದಲು ಬುಡಸಮೇತ ಬರುತ್ತದೆ. ಹುಡುಗಿ ಹೋಗಿ ಹೆಂಗಸಾಗುವುದು ಆ ಹೊತ್ತಿನಲ್ಲೇ ಅಂತ ನಮ್ಮವರ ಲೆಕ್ಕ.

ಪುಟ್ಟ ಮಹ್‌ಲಗಾ ಒಂದು ದಿನ ಅತ್ತೆಯನ್ನು ಕೇಳಿದಳು, "ಅತ್ತೆ, ಎರಡೂ ಒಂದೇ ಥರ ಇದ್ರೆ ಕರೀನೆ, ಅಲ್ವಾ?"

ಗೌಹರ್ ಹೊಸಿಲಲ್ಲಿ ಬಿಟ್ಟಿದ್ದ ತನ್ನ ಚಪ್ಪಲಿ ಜೋಡಿ ತೋರಿಸಿದಳು. "ಇವೆರಡೂ ಒಂದೇನಾ?"

"ಒಂದೇ."

"ಹಾಗಾದ್ರೆ ಎಡಗಾಲಿಂದು ಬಲಗಾಲಿಗೆ ಹಾಕ್ಕೊಂಡು ಅಂಗಡಿಗೆ ಹೋಗಿ ಮೊಸರು ತಗೊಂಡ್ ಬಾ, ಜಾಣಮರಿ."

ಹುಡುಗಿ ಹೋದಳು. ಕಾಲು ತಿರುಚಿಕೊಂಡು, ಮೊಸರನ್ನು ಅರ್ಧ ಚೆಲ್ಲಿಕೊಂಡು ಬಂದಳು. ಅಲ್ಲಿಂದ ಶುರುವಾಯಿತು ನೋಡಿ. ಒಂದೇ ಅಲ್ಲ, ಆದರೂ ಜೋಡಿ, ಅದು ಹೇಗೆ? ಮನೆಯಲ್ಲಿದ್ದ ಅಕ್ರೋಟನ್ನೆಲ್ಲ ಒಡೆದು ಎರಡು ಹೋಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಸೇಬು ಸೀಳಿದಳು. ಎಲೆ ಮಡಿಚಿದಳು. ಅಪ್ಪ ನಿದ್ದೆ ಹೋದಾಗ ಅವನ ಮೀಸೆಯನ್ನು ಹುಲ್ಲುಕಡ್ಡಿಯಿಂದ ಅಳೆದಳು. ಯಾವುದೂ ಯಾವುದಕ್ಕೂ ಸರಿ ಕೂರಲಿಲ್ಲ. ಅಕ್ರೋಟು ಖಾಲಿಯಾಗಿದ್ದಕ್ಕೆ ಅವ್ವ ಬೆನ್ನಿಗೆ ಬಾರಿಸಿದಳು, ಅದು ಬೇರೆ ಕಥೆ.

ಬೆಳೆದ ಮೇಲೆ ಅತ್ತೆಯ ದಾರ ಅವಳ ಕೈಗೆ ಬಂತು. ಮೊದಲ ಸಲ ಹುಬ್ಬು ತಿದ್ದುವಾಗ ಎಲ್ಲರೂ ಮಾಡುವ ತಪ್ಪನ್ನೇ ಇವಳೂ ಮಾಡಿದಳು. ಎಡದ್ದು ತುಸು ದಪ್ಪ ಅನ್ನಿಸಿತು, ಎರಡೆಳೆ ತೆಗೆದಳು. ಈಗ ಬಲದ್ದು ದಪ್ಪ ಕಂಡಿತು, ಅಲ್ಲೂ ತೆಗೆದಳು. ಮತ್ತೆ ಎಡ, ಮತ್ತೆ ಬಲ. ಕೊನೆಗೆ ಅವಳ ಚಿಕ್ಕಪ್ಪನ ಮಗಳು ಮದುವೆಯ ಹೊತ್ತಿಗೆ ಮೊಟ್ಟೆಯಂತೆ ಬೋಳು ಹಣೆ ಹೊತ್ತು ಕೂತಿದ್ದಳು. ಆ ಮದುವೆಯ ನೆಂಟರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಆಮೇಲೆ ಅವಳು ತನ್ನದೇ ಒಂದು ದಾರಿ ಕಂಡುಕೊಂಡಳು. ಕೆಲಸಕ್ಕೆ ಮುಂಚೆ ಟವೆಲನ್ನು ಉದ್ದಕ್ಕೆ ಮಡಚಿ ಹುಡುಗಿಯ ಅರ್ಧ ಮುಖಕ್ಕೆ ಇಳಿಬಿಡುತ್ತಿದ್ದಳು. ಉಳಿದರ್ಧವನ್ನು ಚೆನ್ನಾಗಿ ನೋಡಿ, ಟವೆಲನ್ನು ಈ ಕಡೆಯಿಂದ ಆ ಕಡೆಗೆ ಹಾಕುತ್ತಿದ್ದಳು. ಏನು ಸೋಜಿಗ ಅಂತೀರಿ, ಪ್ರತಿಯೊಂದು ಮುಖದಲ್ಲೂ ಇಬ್ಬರಿದ್ದರು. ಒಬ್ಬಳು ಇನ್ನೇನು ನಗುತ್ತಾಳೆ ಅನ್ನುವಂಥವಳು, ಇನ್ನೊಬ್ಬಳು ಏನೋ ಮರೆತು ನೆನಪಿಸಿಕೊಳ್ಳುವಂಥವಳು. ಇಬ್ಬರಿಗೂ ಒಪ್ಪುವ ಹಾಗೆ ಒಂದೊಂದು ಹುಬ್ಬು ಕೊಟ್ಟರೆ ಟವೆಲು ತೆಗೆದಾಗ ಇಬ್ಬರೂ ಜಗಳವಿಲ್ಲದೆ ಕೂಡಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ, ರೊಟ್ಟಿ ಅಂಗಡಿಯ ಸಾಲಿನಲ್ಲಿ, ಹಮಾಮಿನಲ್ಲಿ, ಎಲ್ಲಿ ನೋಡಿದರೂ ಅವಳಿಗೆ ಅದೇ ಗೀಳು. ಗಂಡ ಯದುಲ್ಲಾ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು. "ನನ್ನಲ್ಲಿ ಯಾರ್ಯಾರಿದಾರೆ ನೋಡಿ ಹೇಳೇ," ಅಂತ ಮುಖ ಮುಂದೆ ಮಾಡುತ್ತಿದ್ದ. "ಒಬ್ಬ ಸೋಮಾರಿ, ಇನ್ನೊಬ್ಬ ಅವನ ತಮ್ಮ," ಅನ್ನುತ್ತಿದ್ದಳು. ಇಬ್ಬರ ನಗು ಗೋಡೆ ಹಾರಿ ನಮ್ಮ ಅಂಗಳಕ್ಕೆ ಬೀಳುತ್ತಿತ್ತು.

ಹೀಗೆ ಓಣಿಯ ಅರ್ಧಕ್ಕರ್ಧ ಹೆಂಗಸರ ಹುಬ್ಬು ಅವಳ ಕೈಯದ್ದಾಗಿದ್ದ ಹೊತ್ತಿಗೆ, ಒಂದು ಚಳಿಗಾಲ, ಹಮಾಮಿನಿಂದ ಒದ್ದೆ ತಲೆಯಲ್ಲಿ ಹೊರಬಂದವಳಿಗೆ ಮಾರನೆಯ ಬೆಳಗ್ಗೆ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಎಡಗೆನ್ನೆ ಜೋತುಬಿದ್ದು, ಎಡಗಣ್ಣು ಮುಚ್ಚದೆ, ಸದಾ ನೀರು ಸುರಿಯುವಂತಾಯಿತು. ಹಕೀಮರು, ಆಸ್ಪತ್ರೆ, ಬಿಸಿ ಇಟ್ಟಿಗೆಯ ಶಾಖ ಎಲ್ಲ ಆಯಿತು. ಅರ್ಧ ಮುಖ ಮತ್ತೆ ಮೇಲೇಳಲಿಲ್ಲ. ಯದುಲ್ಲಾ ಮಾತ್ರ ಎಂದಿನ ಹಾಗೆ, "ಒಳ್ಳೇದೇ ಆಯ್ತು, ಇನ್ಮೇಲೆ ಬೈಯೋಳು ಯಾವ ಕಡೆ ಕೂತವ್ಳೆ ಅಂತ ಮೊದಲೇ ಗೊತ್ತಾಗುತ್ತೆ," ಅಂದ. ಅವಳು ನಕ್ಕಳು, ನಕ್ಕಾಗ ಮುಖ ಇನ್ನಷ್ಟು ಸೊಟ್ಟಗಾಯಿತು, ಅವತ್ತೇ ಚಾದರದ ಅಂಚನ್ನು ಎಡಗೆನ್ನೆಗೆ ಅಡ್ಡ ಎಳೆದು ಹಿಡಿಯುವ ಅಭ್ಯಾಸ ಮಾಡಿಕೊಂಡಳು.

ಮದುವೆ ಮನೆಗಳಿಂದ ಕರೆ ಬರುವುದು ನಿಂತುಹೋಯಿತು. ಎದುರಿಗೆ ಯಾರೂ ಏನೂ ಅನ್ನಲಿಲ್ಲ. "ಪಾಪ, ಆರಾಮ ಮಾಡ್ಕೋ ತಾಯಿ," ಅನ್ನುತ್ತಿದ್ದರು. ಹಿಂದಿನಿಂದ ಬೇರೆಯೇ ಮಾತು. ಸೊಟ್ಟ ಮುಖ ನೋಡಿ ಬಾಳು ಶುರುಮಾಡಿದವಳ ಬಾಳೂ ಸೊಟ್ಟಗಾಗುತ್ತದಂತೆ. ಇವರ ಬಾಯಿಗೆ ಮಣ್ಣು ಹಾಕ, ಆ ಮಾತಾಡುವಾಗಲೂ ಅವರ ಹಣೆಯ ಮೇಲಿದ್ದದ್ದು ಅವಳೇ ತಿದ್ದಿದ ಹುಬ್ಬು! ಬಸುರಿಯರು ಅವಳನ್ನು ಕಂಡರೆ ಓಣಿಯ ಆ ಬದಿಗೆ ದಾಟುತ್ತಿದ್ದರು. ಮಹ್‌ಲಗಾಗೆ ಇದೆಲ್ಲ ತಿಳಿಯುತ್ತಿತ್ತು. ದಾರ ಹಾಕುವುದು ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಮುಖಗಳನ್ನು ಹತ್ತಿರದಿಂದ ನೋಡದೆ ಅವಳಿಗೆ ಹೊಟ್ಟೆ ತುಂಬುತ್ತಿರಲಿಲ್ಲ.

ಬೇಸಿಗೆ ಹತ್ತಿರ ಬಂದಾಗ ಪಕ್ಕದ ಮನೆಯ ನುಸ್ರತಳ ಮಗಳು ಅಕ್ದಸಳ ಮದುವೆ ಗೊತ್ತಾಯಿತು. ಅಕ್ದಸ್ ಹಟ ಹಿಡಿದಳು. "ನಂಗೆ ಮಹ್‌ಲಗಾ ಖಾಲಾನೇ ದಾರ ಹಾಕ್ಬೇಕು. ಇಲ್ದಿದ್ರೆ ಕಾಡುಮೇಕೆ ಥರ ಹಿಂಗೇ ಮದುವೆಗೆ ಕೂರ್ತೀನಿ."

ನುಸ್ರತಳಿಗೆ ಒಪ್ಪಿಗೆ ಇತ್ತು, ಆದರೆ ಭಯವೂ ಇತ್ತು. ಭಯ ಹುಡುಗನ ತಾಯಿ ಶೌಕತ್ ಹಾಜಿ ಖಾನುಂದು. ಈ ಶೌಕತಳ ವಿಷಯ ಸ್ವಲ್ಪ ಹೇಳಲೇಬೇಕು. ವಿಧವೆ, ಖಡಕ್ ಹೆಂಗಸು, ಮನೆಯಲ್ಲಿ ಕಣ್ಣಿಗೆ ಕಂಡದ್ದೆಲ್ಲ ಜೋಡಿ. ಗೂಡಿನ ಈ ತುದಿಗೊಂದು ಹೂಜಿ, ಆ ತುದಿಗೊಂದು ಹೂಜಿ. ನಡೆಯುವ ಗಡಿಯಾರ ಒಂದಿದೆ ಅಂತ ಅದರ ಜೊತೆಗೆ ನಡೆಯದ ಗಡಿಯಾರವೊಂದನ್ನು ಹುಡುಕಿ ತಂದು ನೇತುಹಾಕಿದ್ದಳು. ಅವಳ ಬಾಯಲ್ಲಿ ಕರೀನೆ ಅಂದರೆ ಅಳೆದರೆ ಸರಿಹೋಗಬೇಕು, ಅಷ್ಟೇ. ಅವಳು ಚೆನ್ನಾಗಿದೆ ಅಂದದ್ದನ್ನು ಕೆಡಿಸುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ, ಬೇಡ ಅಂದವರನ್ನು ಮತ್ತೆ ಕರೆಯುವ ಧೈರ್ಯವೂ ಇರಲಿಲ್ಲ.

ನುಸ್ರತ್ ಕೇಳಿಕೊಂಡಾಗ ಶೌಕತ್ ಸಮಾವರದಿಂದ ಚಹಾ ಬಗ್ಗಿಸುತ್ತಾ ಮುಖ ಗಂಟಿಕ್ಕಿದಳು. "ತನ್ನ ಮುಖಾನೇ ಕರೀನೆ ಇಲ್ಲ, ನನ್ನ ಸೊಸೆಗೆ ಏನು ಮಾಡ್ತಾಳಂತೆ?" ಅಂದಳು. ಆಮೇಲೆ ಹುಡುಗಿಯ ಹಟ ಕೇಳಿ, "ಬರಲಿ. ನಾನೂ ಬಂದು ಕೂರ್ತೀನಿ. ಅಳೆದು ನೋಡ್ತೀನಿ. ಸರಿ ಬಂದ್ರೆ ನಾನೇ ನಾಲ್ಕು ಮನೆಗೆ ಅವಳ ಹೆಸರು ಹೇಳ್ತೀನಿ. ಬರ್ಲಿಲ್ಲ, ಆ ದಾರ ಸುತ್ತಿ ಒಳಗಿಟ್ಕೊಳ್ಳಲಿ," ಅಂದಳು.

ಮದುವೆಯ ಮುಂಚಿನ ದಿನ ನುಸ್ರತಳ ಮನೆ ತುಂಬಿತ್ತು. ಕೆಂಡದ ಮೇಲೆ ದೃಷ್ಟಿಯ ಕಾಳು ಚಟಪಟ ಸಿಡಿದು ಹೊಗೆ ಎದ್ದಿತ್ತು, ದಫ್ ಬಡಿಯುತ್ತಿದ್ದರು. ಮಹ್‌ಲಗಾ ಒಳಗೆ ಬಂದಾಗ ಬಡಿತ ಒಂದು ಕ್ಷಣ ತಪ್ಪಿತು. ದಾರವನ್ನು ಹಲ್ಲಿಗೆ ಕಚ್ಚಿ ಎರಡೂ ಕೈ ಎತ್ತಬೇಕಲ್ಲ, ಚಾದರ ಹಿಡಿಯುವವರು ಯಾರು? ಒಂದು ಕರವಸ್ತ್ರವನ್ನು ಗಲ್ಲದ ಕೆಳಗಿಂದ ಎಳೆದು ತಲೆಯ ಮೇಲೆ ಗಂಟು ಹಾಕಿಕೊಂಡಿದ್ದಳು, ಹಲ್ಲುನೋವಿನವರ ಹಾಗೆ. ಶೌಕತ್ ಅಕ್ದಸಳ ಎದುರಿಗೇ ಕೂತು, ಬೆರಳಿಗೆ ಒಂದು ಕಪ್ಪು ದಾರ ಸುತ್ತಿಕೊಂಡು ಕಾಯುತ್ತಿದ್ದಳು.

"ಖಾಲಾ, ನೋಯುತ್ತಾ?" ಅಂದಳು ಅಕ್ದಸ್.

"ನೋಯುತ್ತೆ. ಬಾಯ್ತುಂಬ ಬೈಯಿ, ಇವತ್ತು ಎಲ್ಲಾ ಮಾಫಿ."

ಅಕ್ದಸಳ ಎಡಗಣ್ಣು ಬಲಗಣ್ಣಿಗಿಂತ ಕೂದಲೆಳೆಯಷ್ಟು ಕೆಳಗೆ. ಎಡಹುಬ್ಬೂ ಅದರ ಜೊತೆಗೇ ಒಂದಿಷ್ಟು ಕೆಳಗಿಳಿದು ಮಲಗಿತ್ತು. ಬೇರೆ ದಿನವಾಗಿದ್ದರೆ ಮಹ್‌ಲಗಾ ಟವೆಲು ಹಾಕಿ, ನೋಡಿ, ಆ ಕಣ್ಣಿಗೆ ಒಪ್ಪುವ ಹಾಗೆ ಹುಬ್ಬನ್ನು ಅಲ್ಲೇ ಬಿಡುತ್ತಿದ್ದಳು. ಅವತ್ತು ಟವೆಲು ಮುಟ್ಟಲಿಲ್ಲ. ಶೌಕತಳ ಬೆರಳಲ್ಲಿದ್ದ ಕಪ್ಪು ದಾರ ಬಿಟ್ಟರೆ ಅವಳಿಗೆ ಇನ್ನೇನೂ ಕಾಣಿಸುತ್ತಿರಲಿಲ್ಲ. ಮೊದಲು ಬಲದ್ದನ್ನು ಮುಗಿಸಿದಳು. ಆಮೇಲೆ ಎಡಹುಬ್ಬಿನ ಅಡಿಯಿಂದ ಒಂದೊಂದೇ ಸಾಲು ಕಿತ್ತು, ಅದನ್ನು ಬಲದ್ದರ ಮಟ್ಟಕ್ಕೆ ಏರಿಸಿದಳು. ನೂಲು ಸರಸರ ಓಡಿತು. ಅಕ್ದಸ್ ನಾದಿನಿಯರನ್ನೂ ಹುಟ್ಟದ ಮಕ್ಕಳನ್ನೂ ಸೇರಿಸಿ ಬೈದಳು. ಹೆಂಗಸರು ಬಿದ್ದುಬಿದ್ದು ನಕ್ಕರು.

ಶೌಕತ್ ಮುಂದೆ ಬಾಗಿದಳು. ಮೂಗಿನ ಬುಡದಿಂದ ಹುಬ್ಬಿನ ತುದಿಗೆ ದಾರ ಹಿಡಿದಳು, ಎಡಕ್ಕೆ, ಬಲಕ್ಕೆ. ಹುಬ್ಬಿನ ಅಡಿಯಿಂದ ಕೂದಲಂಚಿಗೆ ಹಿಡಿದಳು.

"ಭಲೇ," ಅಂದಳು ಶೌಕತ್. "ಕರೀನೆ ಅಂದ್ರೆ ಇದು. ಎಳೆಯಷ್ಟೂ ವ್ಯತ್ಯಾಸ ಇಲ್ಲ. ನಿನ್ನ ಕೈ ಕೆಟ್ಟಿಲ್ಲ ಕಣೇ."

ಸಕ್ಕರೆ ಬಾದಾಮಿ ಮಳೆಗರೆಯಿತು. ದಫ್ ಮತ್ತೆ ಜೋರಾಯಿತು. ಮಹ್‌ಲಗಾಳ ಎದೆಯಿಂದ ಒಂದು ಕಲ್ಲು ಇಳಿಯಿತು. ಯಾವಳೋ ಒಬ್ಬಳು ಆಗಲೇ ಅವಳ ತೋಳು ಹಿಡಿದು, ಬರುವ ತಿಂಗಳು ತಂಗಿಯ ಮದುವೆ, ಬರ್ತೀಯಾ, ಅಂತ ಕೇಳುತ್ತಿದ್ದಳು.

ಅಷ್ಟರಲ್ಲಿ ನುಸ್ರತ್ ಅಡುಗೆಮನೆಯಿಂದ ಶರಬತ್ತಿನ ತಟ್ಟೆ ಹಿಡಿದು ಬಂದಳು. ಮಗಳ ಮುಖ ನೋಡಿದಳು. ನಗಲು ಬಾಯಿ ತೆರೆದವಳು ಹಾಗೇ ನಿಂತಳು. "ಚೆನ್ನಾಗಿದೆ," ಅಂದಳು, "ತುಂಬಾ ಚೆನ್ನಾಗಿದೆ," ಅಂದಳು, ತಟ್ಟೆ ಇಟ್ಟು ತಲೆವಸ್ತ್ರದ ತುದಿಯಲ್ಲಿ ಕಣ್ಣು ಒತ್ತಿಕೊಂಡಳು. ಸಂತೋಷಕ್ಕೆ ಅಳುತ್ತಾಳೆ ಅಂದುಕೊಂಡರು ಎಲ್ಲರೂ. ಅಕ್ದಸ್ ಕೈಗನ್ನಡಿ ತೆಗೆದುಕೊಂಡು ನೋಡಿಕೊಂಡಳು. ಕನ್ನಡಿಯನ್ನು ಮಡಿಲಲ್ಲಿ ಬೋರಲು ಹಾಕಿದಳು.

ಮಹ್‌ಲಗಾ ಆಗ ಟವೆಲು ಎತ್ತಿಕೊಂಡಳು. ಅಕ್ದಸಳ ಬಲ ಅರ್ಧಕ್ಕೆ ಅಡ್ಡ ಹಾಕಿದಳು. ಎಡಭಾಗದಲ್ಲಿ ಇದ್ದವಳು ಯಾರೋ ಅವಳಿಗೆ ಗೊತ್ತಿರಲಿಲ್ಲ. ಹುಬ್ಬು ಮೇಲಕ್ಕೆ ಹೋಗಿ, ಕಣ್ಣು ಕೆಳಗೆ ಒಂಟಿಯಾಗಿ ಉಳಿದು, ಕೆಟ್ಟ ಸುದ್ದಿ ಕೇಳಿ ನಿಂತವಳ ಮುಖವಾಗಿತ್ತು ಅದು. ಅಳತೆಯಲ್ಲಿ ಎರಡೂ ಒಂದೇ, ಹುಡುಗಿ ಮಾತ್ರ ಕಾಣೆ. ಇಷ್ಟು ವರ್ಷದಲ್ಲಿ ಇಂಥ ಕೆಲಸ ಅವಳ ಕೈಯಿಂದ ಆಗಿರಲಿಲ್ಲ. ಆದದ್ದು ಹೇಗೆ ಅನ್ನುವುದೂ ಗೊತ್ತಿತ್ತು. ಹೆದರಿ ಆದದ್ದು.

ಸುಮ್ಮನಿದ್ದರೆ ಆಗುತ್ತಿತ್ತು. ಶೌಕತ್ ಒಪ್ಪಿಯಾಗಿದೆ, ಇನ್ನೊಂದು ಮನೆಯ ಕರೆಯೂ ಬಂದಿದೆ. ಹೊಗಳುವವರ ನಡುವೆ ತಾಯಿ ಮಗಳಿಬ್ಬರ ಮಂಕು ಯಾರ ಕಣ್ಣಿಗೆ ಬೀಳುತ್ತದೆ? ದಾರ ಸುತ್ತಿ ಚೀಲಕ್ಕೆ ಹಾಕಿ ಎದ್ದರೆ ಮತ್ತೆ ಮೊದಲಿನ ಬದುಕು ಸಿಗುತ್ತಿತ್ತು. ಅವಳು ಅರ್ಧ ಎದ್ದಳು ಕೂಡ. ಅಕ್ದಸ್ ತಲೆ ಎತ್ತಿ ಅವಳನ್ನು ನೋಡಿದಳು. ಮಹ್‌ಲಗಾ ಮತ್ತೆ ಕೂತಳು.

"ಹಾಜಿ ಖಾನುಂ, ನಾನು ಕೆಲಸ ಕೆಡಿಸಿದೀನಿ."

ದಫ್ ನಿಂತಿತು. "ಏನು ಕೆಡಿಸಿದೀಯ? ಅಳೆದಾಯ್ತಲ್ಲ," ಅಂದಳು ಶೌಕತ್.

"ಅಳತೆ ಸರಿಯಿದೆ. ಮುಖ ಸರಿಯಿಲ್ಲ. ಇವಳ ಎಡಗಣ್ಣು ಕೆಳಗಿದೆ, ಹುಬ್ಬು ಅದರ ಹತ್ರ ಇರ್ಬೇಕು. ನಾನು ಎತ್ತಿಬಿಟ್ಟೆ. ವಸ್ಮೆ ಬಣ್ಣದಲ್ಲಿ ಕೆಳಗಡೆ ಮತ್ತೆ ತುಂಬ್ತೀನಿ. ಕೂದಲು ಬರೋ ತನಕ ನಿಲ್ಲುತ್ತೆ."

"ಒಂದು ಮೇಲೆ ಒಂದು ಕೆಳಗೆ ಮಾಡ್ತೀಯ? ಬೇಕೂಂತ?"

"ಬೇಕೂಂತ."

ಶೌಕತಳ ಕಿವಿ ಕೆಂಪಾದವು. "ನಿನ್ನ ಮುಖದ ಹಾಗೇ ಅವಳದ್ದೂ ಆಗ್ಲಿ ಅಂತ ನೋಡ್ತಿದೀಯಾ?"

ಮಹ್‌ಲಗಾಳ ಎಡಗಣ್ಣಿನ ನೀರು ಎಂದಿನ ಹಾಗೆ ಇಳಿಯಿತು. ಆ ಮಾತು ಅವಳ ಎದೆಗೆ ನೆಟ್ಟಗೆ ನಾಟಿತು. ಆದರೂ ಅವಳು ವಸ್ಮೆಯ ಬಟ್ಟಲು ಹತ್ತಿರ ಎಳೆದುಕೊಂಡಳು. "ಅಕ್ದಸ್ ಜಾನ್, ನೀನು ಹೇಳು."

"ಹಾಕು ಖಾಲಾ," ಅಂದಳು ಅಕ್ದಸ್.

ಶೌಕತ್ ಎದ್ದು ಹೊರಟೇಹೋದಳು. ಅವಳ ಹಿಂದೆ ಅವಳ ಕಡೆಯ ಹೆಂಗಸರೂ, ತಂಗಿಯ ಮದುವೆಗೆ ಕರೆದವಳೂ ಎದ್ದು ಹೋದರು. ಮಹ್‌ಲಗಾ ಕಡ್ಡಿಯ ತುದಿಯಿಂದ ಹುಬ್ಬಿನಡಿ ಒಂದೊಂದೇ ಕೂದಲು ಬರೆಯುತ್ತಾ ಕೂತಳು. ಟವೆಲು ಆಚೆ, ಟವೆಲು ಈಚೆ. ಕೊನೆಗೆ ತೆಗೆದಾಗ ನುಸ್ರತ್ ಬಂದು ಮಗಳ ಗಲ್ಲ ಹಿಡಿದು, "ಬಂದ್ಯಾ?" ಅಂದಳು, ಪ್ರಯಾಣ ಮುಗಿಸಿ ಬಂದವರನ್ನು ಕೇಳುವ ಹಾಗೆ.

ಮನೆಗೆ ಬಂದ ಮಹ್‌ಲಗಾ ನೂಲಿನ ಉಂಡೆಯನ್ನು ಯದುಲ್ಲಾನ ಕೈಗೆ ಕೊಟ್ಟು, "ಪಾತ್ರೆ ಕಟ್ಟೋಕೆ ಇಟ್ಕೋ," ಅಂದಳು. ಮಾರನೆಯ ದಿನ ಮದುವೆಗೂ ಹೋಗುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಳು. ಯದುಲ್ಲಾ ಅವತ್ತು ತಮಾಷೆ ಮಾಡಲಿಲ್ಲ. ನೂಲನ್ನು ಗೂಡಿನಲ್ಲಿಟ್ಟು, ಅವಳಿಗಿಷ್ಟವಾದ ಹುಳಿದಾಳಿಂಬೆಯ ಸಾರನ್ನು ತಾನೇ ಕಾಯಿಸಿದ, ಉಪ್ಪು ಹೆಚ್ಚಾಗಿತ್ತು, ಇಬ್ಬರೂ ಉಂಡರು.

ಬೆಳಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಶೌಕತ್, ಒಬ್ಬಳೇ. ಕೈಯಲ್ಲಿ ಅದೇ ಕಪ್ಪು ದಾರ. ಒಳಗೆ ಬಾ ಅನ್ನುವುದಕ್ಕೂ ಕಾಯದೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತಳು.

"ನುಸ್ರತಳ ಮನೆಗೆ ಹೋಗಿದ್ದೆ. ಹುಡುಗೀನ ನೋಡ್ದೆ," ಅಂದಳು. "ಚಂದ ಕಾಣ್ತಾಳೆ. ಅಳೆದೆ. ಕರೀನೆ ಅಲ್ಲ."

"ಅಲ್ಲ," ಅಂದಳು ಮಹ್‌ಲಗಾ.

"ಅದೆಂಗೆ ಚಂದ ಕಾಣುತ್ತೆ ಹಾಗಾದ್ರೆ?"

"ಚಿಕ್ಕಂದಿನಿಂದ ನಂಗೂ ಅದೇ ಗೊತ್ತಾಗ್ತಿಲ್ಲ ಹಾಜಿ ಖಾನುಂ. ಅಳತೆ ಮುಗಿದ ಮೇಲೂ ಇನ್ನೇನೋ ಉಳಿಯುತ್ತೆ."

ಶೌಕತ್ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, "ಮನೆಗೆ ಹೋಗಿ ನಂದೂ ಅಳೆದೆ ಕಣೇ. ಹುಬ್ಬು, ಕಣ್ಣು, ಕಿವಿ, ಎಲ್ಲಾ. ಒಂದೂ ಇನ್ನೊಂದರ ಹಾಗಿಲ್ಲ. ನಮ್ಮ ಹಾಜಿ ಸಾಯೋ ತನಕ ಈ ಮುಖ ನೋಡ್ದ. ಒಂದಿನ ಬಾಯಿ ಬಿಡ್ಲಿಲ್ಲ. ಅವನಿಗೆ ಕಂಡಿರ್ಲಿಲ್ವಾ?"

"ಕಂಡಿರುತ್ತೆ. ಹಿಡಿಸಿತ್ತು, ಸುಮ್ನಿದ್ರು."

ಶೌಕತ್ ಮೂಗೆಳೆದುಕೊಂಡಳು. ಚಾದರ ಕೊಡವಿ ಎದ್ದಳು. "ಸರಿ, ಹೊರಡು. ಹೊಸ ಬಟ್ಟೆ ಹಾಕ್ಕೋ. ಸಕ್ಕರೆ ಉಜ್ಜೋಕೆ ಒಂದು ಕೈ ಬೇಕು."

ಮಹ್‌ಲಗಾ ಬೆಚ್ಚಿದಳು. ಮದುಮಕ್ಕಳ ತಲೆಯ ಮೇಲೆ ಬಟ್ಟೆ ಹಿಡಿದು ಅದರ ಮೇಲೆ ಸಕ್ಕರೆಗಟ್ಟಿ ಉಜ್ಜುವುದು ಎಲ್ಲರ ಕೆಲಸವಲ್ಲ. ಗಂಡನ ಜೊತೆ ಸುಖವಾಗಿ ಬಾಳಿದವರದ್ದು. "ನನ್ನ ಮುಖ ಇಟ್ಕೊಂಡು, ಮದುಮಗಳ ತಲೆ ಮೇಲೆ..."

"ನಾನು ಉಜ್ಜೋ ಹಾಗಿಲ್ಲ, ನನ್ನ ಗಂಡ ಮಣ್ಣಲ್ಲವನೆ. ನುಸ್ರತಳ ಗಂಡನೂ ಅಲ್ಲೇ. ನನ್ನ ತಂಗಿ ಗಂಡನ ಜೊತೆ ಮಾತು ಬಿಟ್ಟು ವರ್ಷ ಆಯ್ತು. ಈ ಓಣೀಲಿ ಗಂಡ ಹೆಂಡತಿ ನಕ್ಕಿದ್ದು ಗೋಡೆಯಾಚೆಗೆ ಕೇಳೋದು ಇದೊಂದೇ ಮನೇಲಿ. ನಂಗೇನು ಕಿವಿ ಇಲ್ವಾ? ನಡಿ."

ನಿಕಾಹಿನ ಹಾಸಿನ ಮೇಲೆ ಕನ್ನಡಿ, ಎರಡು ದೀಪದಕಂಬ, ರೊಟ್ಟಿ, ಜೇನು ಎಲ್ಲ ಜೋಡಿಸಿತ್ತು. ಶೌಕತಳೇ ಕೂತು ಜೋಡಿಸಿದ್ದಳು, ಹೇಳಬೇಕಾಗಿಲ್ಲ. ಅಕ್ದಸ್ ಮತ್ತು ಹುಡುಗ ಕನ್ನಡಿಯ ಮುಂದೆ ಕೂತಿದ್ದರು. ಹಿಂದೆ ಹುಡುಗಿಯರು ಬಿಳಿಬಟ್ಟೆ ಎತ್ತಿ ಹಿಡಿದರು. ಮಹ್‌ಲಗಾ ಎರಡೂ ಕೈಯಲ್ಲಿ ಒಂದೊಂದು ಸಕ್ಕರೆಗಟ್ಟಿ ಹಿಡಿದು ನಿಂತಳು. ಕೈ ಎತ್ತಿದ ಕೂಡಲೇ ಚಾದರ ಭುಜಕ್ಕೆ ಜಾರಿತು. ತುಂಬಿದ ಕೋಣೆಯ ಎದುರಿಗೆ ಅವಳ ಪೂರ್ತಿ ಮುಖ ಬಯಲಾಯಿತು, ಮುಚ್ಚಿಕೊಳ್ಳಲು ಕೈ ಇರಲಿಲ್ಲ. ಹೆಂಗಸರಲ್ಲಿ ಒಂದಿಬ್ಬರು ಪಿಸುಗುಟ್ಟಿದರು. ಅವಳಿಗೆ ಕೇಳಿಸಿತು. ಉಜ್ಜಲು ಶುರುಮಾಡಿದಳು.

ಮುಲ್ಲಾ ಮೊದಲ ಸಲ ಒಪ್ಪಿಗೆ ಕೇಳಿದರು. ಮದುಮಗಳು ಹೂ ಕೊಯ್ಯಲು ಹೋಗಿದ್ದಾಳೆ ಅಂತ ಹೆಂಗಸರು ಕೂಗಿದರು. ಎರಡನೆಯ ಸಲವೂ ಹಾಗೇ ಏನೋ ನೆವ. ಸಕ್ಕರೆಯ ಪುಡಿ ಕಿಟಕಿಯ ಬೆಳಕಿನಲ್ಲಿ ಹಾರಾಡುತ್ತಿತ್ತು.

"ಕಣ್ಣು ಮುಚ್ಕೊಳ್ಳೇ, ಪುಡಿ ಬೀಳುತ್ತೆ," ಅಂದಳು ಪಕ್ಕದಲ್ಲಿ ನಿಂತಿದ್ದ ಶೌಕತ್.

"ಅದು ಮುಚ್ಚಲ್ಲ ಹಾಜಿ ಖಾನುಂ."

ಮುಲ್ಲಾ ಮೂರನೆಯ ಸಲ ಕೇಳಿದರು. ಅಕ್ದಸ್ ಹೂಂ ಅಂದಳು. ಮನೆಯೆಲ್ಲ ಉಲ್ಲಾಸದ ಕೂಗೆದ್ದಿತು. ಮಹ್‌ಲಗಾಳ ಕೈ ನಿಲ್ಲುವ ಹಾಗಿರಲಿಲ್ಲ, ಆಶೀರ್ವಾದ ಮುಗಿಯುವವರೆಗೂ ಉಜ್ಜಬೇಕು. ಶೌಕತ್ ಇನ್ನೊಂದು ಹೆಜ್ಜೆ ಹತ್ತಿರ ಬಂದು, ಎಲ್ಲರೂ ನೋಡುತ್ತಿರುವಂತೆಯೇ, ತನ್ನ ಅಂಗೈಯನ್ನು ಅವಳ ಆ ಎಡಗಣ್ಣಿನ ಮೇಲೆ ಅಡ್ಡವಿಟ್ಟಳು, ಉಜ್ಜಿ ಮುಗಿಯುವವರೆಗೂ ತೆಗೆಯಲಿಲ್ಲ.